ಮೇಟ್ರನ್ ನೋರಾ ಹೇಳಿದ ಗಾದೆ

"ಅಣ್ಣಾರ, ಸೆರಗು ಹಿಂಗ ಇರ್ಲೇನ್ರಿ?"

ಶವಾಗಾರದ ಬಾಗಿಲಿಗೆ ಬಂದು ಮಹಾದೇವಿ ಕೇಳಿದಳು. ಒಳಗೆ ಎಲ್ಸಿಗೆ ಮದುವೆಯ ಕೆಂಪು ಸೀರೆ ಉಡಿಸಿಯಾಗಿತ್ತು.

"ಚಂದ ಉಂಟು," ಎಂದ ರುಡೊಲ್ಫ್, ಹೆಂಡತಿಯ ಕಡೆ ನೋಡದೆ. ಸಂಜೆಯ ವಿಮಾನಕ್ಕೆ ಹೆಣ ಗಲ್ಫಿನಿಂದ ಊರಿಗೆ ಹೊರಡಬೇಕಿತ್ತು. ಕಿನ್ನಿಗೋಳಿಯಲ್ಲಿ ಅವನ ತಾಯಿಯ ಸಮಾಧಿಯ ಪಕ್ಕ ಗುಂಡಿ ತೋಡಲು ಹೇಳಿಯಾಗಿತ್ತು.

"ಪಪ್ಪಾ, ಮಮ್ಮಿಗೆ ಇಲ್ಲೇ ಮಣ್ಣು ಮಾಡುವ. ಪ್ಲೀಸ್," ಎಂದಳು ಮಗಳು ಸ್ಟೇಸಿ.

"ಇಲ್ಲಿ ಅವಳಿಗೆ ಯಾರಿದ್ದಾರೆ ಮಾರಾಯ್ತಿ? ನಾಳೆ ನಮ್ಮ ವೀಸಾ ಖಲಾಸ್ ಆದರೆ ಒಂದು ಕ್ಯಾಂಡಲ್ ಹಚ್ಚುವವರೂ ಇಲ್ಲ."

ಟೂರಿಸ್ಟ್ ಕ್ಲಬ್ ಬಡಾವಣೆಯಲ್ಲಿ ಅವರದೇ ಕಟ್ಟಡದ ಎದುರು ಬಾಗಿಲಿನವಳು ಮಹಾದೇವಿ. ಹೇಳಲೋ ಬೇಡವೋ ಎಂದು ಸೆರಗಿನ ತುದಿ ಹಿಂಡಿದಳು.

"ತಪ್ಪ ತಿಳಕೋಬ್ಯಾಡ್ರಿ. ಮನಸ್ಸಿದ್ದಲ್ಲಿಗೇ ಕಾಲು ಒಯ್ತಾವು ಅಂತ ಎಲ್ಸಿ ಅಕ್ಕಾರು ಅಂತಿದ್ರು. ನಿಮ್ಮ ಮಂಗಳೂರ ಕಡೆ ಗಾದಿ ಹೌದಲ್ರಿ?"

"ಅಲ್ಲ," ಎಂದ ರುಡೊಲ್ಫ್. "ಐರ್ಲೆಂಡಿನದ್ದು."

*

ಇಲ್ಲಿನ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ನರ್ಸಾಗಿ ಸೇರಿದ ಹೊಸತರಲ್ಲಿ ಎಲ್ಸಿ ಊರು ನೆನೆದು ಬಟ್ಟೆಕೋಣೆಯಲ್ಲಿ ಅವಿತು ಅಳುತ್ತಿದ್ದಳಂತೆ. ಐರಿಷ್ ಮೇಟ್ರನ್ ನೋರಾ ಅದನ್ನು ಕಂಡು, ಸಮಾಧಾನ ಹೇಳುವ ಬದಲು, ಆಗಷ್ಟೇ ಹುಟ್ಟಿದ ಒಂದು ಕೂಸನ್ನು ಅವಳ ಕೈಗಿಟ್ಟಿದ್ದಳು. ಆಮೇಲೆ ಎಲ್ಸಿ ಮನೆಗೆ ಬಂದರೆ ನೋರಾಳ ಗಾದೆಗಳೂ ಜೊತೆಗೆ ಬರುತ್ತಿದ್ದವು. ನೀರಿನ ಕ್ಯಾನ್ ತಡವಾಯಿತೆಂದು ರುಡೊಲ್ಫ್ ಅದನ್ನು ತಂದ ಹುಡುಗನ ಮೇಲೆ ರೇಗಿದರೆ, "ಒಳ್ಳೆ ಮಾತಿನಿಂದ ಯಾರ ಹಲ್ಲೂ ಮುರಿದಿಲ್ಲ ರುಡಿ," ಎನ್ನುತ್ತ ಆ ಹುಡುಗನಿಗೆ ಚಹಾ ಕೊಟ್ಟು ಕಳಿಸುತ್ತಿದ್ದಳು.

ನಿವೃತ್ತಿಯ ಮೇಲೆ ಗಂಡ ಹೆಂಡತಿ ಇಬ್ಬರೂ ಕಿನ್ನಿಗೋಳಿಯ ಹೊಸ ಮನೆಗೆ ಹೋದರು. ಎಲ್ಸಿ ಕೋಣೆಯಿಂದ ಕೋಣೆಗೆ ಸುಮ್ಮನೆ ಸುತ್ತುತ್ತಿದ್ದಳು. ಒಂದು ಬೆಳಿಗ್ಗೆ ನೋಡಿದರೆ ಸೂಟ್‌ಕೇಸ್ ತುಂಬಿಸುತ್ತಿದ್ದಾಳೆ.

"ಇದಲ್ಲವಾ ನಿನ್ನ ಊರು?" ಎಂದು ಗದರಿದ್ದ.

"ಮನಸ್ಸು ಇದ್ದಲ್ಲಿಗೇ ಕಾಲು ಹೋಗುವುದಂತೆ. ನನ್ನದು ಇಲ್ಲಿ ನಿಲ್ಲುವುದಿಲ್ಲ."

"ಆ ನೋರಾಳಿಗೆ ಬೇರೆ ಕೆಲಸ ಇರಲಿಲ್ಲ," ಎಂದು ಗೊಣಗುತ್ತಲೇ, ಸ್ಟೇಸಿ ಕಳಿಸಿದ ವೀಸಾದಲ್ಲಿ, ಹೆಂಡತಿಯ ಹಿಂದೆ ಮತ್ತೆ ಗಲ್ಫಿನ ವಿಮಾನ ಹತ್ತಿದ್ದ.

*

ರುಡೊಲ್ಫ್ ಒಳಗೆ ಹೋದ. ಹೆಂಡತಿಯ ಮುಖವನ್ನು ಕಣ್ತುಂಬ ನೋಡಿದ. ಹೊರಗೆ ಬಂದವನು ಮಗಳಿಗೆ ಹೇಳಿದ್ದು ಇಷ್ಟೇ: "ಟಿಕೆಟ್ ಕ್ಯಾನ್ಸಲ್ ಮಾಡು ಬಾಯಿ."

ಮರುದಿನ ನಗರದ ಹೊರಗೆ ಬನಿಯಾಸ್‌ನ ಸ್ಮಶಾನದಲ್ಲಿ ಪಾದ್ರಿಯ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಆಸ್ಪತ್ರೆಯ ಬಸ್ಸು ಬಂದು ನಿಂತಿತು. ಪಾಳಿ ಮುಗಿಸಿದ ನರ್ಸುಗಳು ಸಮವಸ್ತ್ರದಲ್ಲೇ ಇಳಿದರು. ಮಲಯಾಳಿಗಳು, ಫಿಲಿಪಿನೊಗಳು, ಸುಡಾನಿನವಳೊಬ್ಬಳು. ಹಿಂದೆಯೇ ನೆರೆಮನೆಯ ಸಕೀನ, ಎಲ್ಸಿಯೇ ಹೆರಿಗೆ ಮಾಡಿಸಿದ್ದ ಮಗಳ ಕೈ ಹಿಡಿದು. ರುಡೊಲ್ಫ್‌ಗೆ ಹೆಚ್ಚಿನವರ ಹೆಸರೂ ಗೊತ್ತಿರಲಿಲ್ಲ.

ಅವನು ಮೊದಲ ಹಿಡಿ ಮರಳು ಹಾಕಿ ಸರಿದ. ಮಹಾದೇವಿ ಹಾಕಿದಳು. ಆಮೇಲೆ ಒಬ್ಬೊಬ್ಬರೇ ಬಗ್ಗಿದರು; ಹಾಕಿದವರು ಹೋಗಲಿಲ್ಲ, ಮತ್ತೆ ಸಾಲಿನ ಕೊನೆಗೆ ಬಂದು ನಿಂತರು. ಗುಂಡಿ ಮುಚ್ಚಲು ಬಂದಿದ್ದ ಕೆಲಸಗಾರ ಬಿಸಿಲಲ್ಲಿ ಸನಿಕೆಯನ್ನು ಮರಳಿಗೆ ಊರಿ, ತನ್ನ ಸರದಿಗೆ ಕಾಯುತ್ತ ನಿಂತಿದ್ದ.