ಬೆನ್ನು ತಿರುಗಿಸಿ ನಿಂತವಳು

ನಾನು ಓದಿದ್ದು ಜನಪದ ಅಧ್ಯಯನ. ಉತ್ತರದ ಕಾಡುಗಳಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯನ್ನು ಬೇಟೆಯಾಡುವ ತಂಡಗಳು ಮಾಂಸ ಹಂಚಿಕೊಳ್ಳುವ ಬಗೆ, ಇದು ನನ್ನ ಪ್ರಬಂಧ. ಸ್ಟಾಕ್‌ಹೋಮಿನ ಪಾವತಿ ಆ್ಯಪ್ ಕಂಪನಿಗೆ ಸೇರಿದ ದಿನವೇ ಮುಖ್ಯಸ್ಥ ಟಾರ್ಕೆಲ್ ನಕ್ಕಿದ್ದ.

"ಮಾಂಸ ಹಂಚೋಕೂ ಡಿಗ್ರಿ ಕೊಡ್ತಾರಾ, ಹಿಲ್ಲೆವಿ?"

ಗ್ರಾಹಕರ ದೂರುಗಳಿಗೆ ಉತ್ತರ ಬರೆಯುವ ಕೆಲಸ ಕೊಟ್ಟ. ಆರು ತಿಂಗಳ ಪರೀಕ್ಷಾವಧಿ. ಅದು ಮುಗಿಯುವ ವಾರವೇ ನಮ್ಮ ವಂಚನೆ ಪತ್ತೆಹಚ್ಚುವ ಯಂತ್ರ ಎವರ್ಟ್ ಎಂಬ ಮುದುಕನನ್ನು ಹಿಡಿಯಿತು. ಇಪ್ಪತ್ತೆರಡು ಜನ ಎರಡೇ ದಿನದಲ್ಲಿ ಅವನಿಗೆ ಒಂದೇ ಮೊತ್ತ ಕಳಿಸಿದ್ದರು. ಮರುದಿನ ಅಷ್ಟೂ ಹಣ ಬೇರೆಯವರ ಖಾತೆಗೆ ಹೋಗಿತ್ತು.

"ಪಕ್ಕಾ ವಂಚನೆ. ಇಪ್ಪತ್ಮೂರು ಖಾತೆನೂ ಮಧ್ಯಾಹ್ನ ಮುಚ್ತೀವಿ. ಎಲ್ರಿಗೂ ಒಪ್ಪಿಗೆನಾ?" ಎಂದ ಟಾರ್ಕೆಲ್.

ಎಲ್ಲರೂ ತಲೆಯಾಡಿಸಿದರು. ನಮ್ಮ ಕಚೇರಿಯಲ್ಲಿ ಆ ಪ್ರಶ್ನೆಗೆ ತಲೆಯಾಡಿಸದೆ ಕೂರುವುದು ಮೇಜು ಗುದ್ದಿ ಕೂಗಾಡುವುದಕ್ಕಿಂತ ದೊಡ್ಡ ತಪ್ಪು. ನಾನು ಆಡಿಸಲಿಲ್ಲ.

"ಇದು ಬೇಟೆ ತಂಡ. ಸೆಪ್ಟೆಂಬರ್ ಅಲ್ವಾ, ಬೇಟೆ ಶುರುವಾಗೋ ತಿಂಗಳು, ಎಲ್ರೂ ಪಾಲು ಹಾಕಿ ಕಾಡಿನ ಗುತ್ತಿಗೆ ಹಣ ಕಟ್ಟಿದಾರೆ. ಫೋನ್ ಮಾಡಿ ಕೇಳಿದ್ರಾಯ್ತು."

"ಯಾರ ಮೇಲೆ ಅನುಮಾನ ಇದ್ಯೋ ಅವ್ರಿಗೆ ಫೋನ್ ಮಾಡೋ ಹಾಗಿಲ್ಲ. ಶುಕ್ರವಾರ ನಿನ್ನ ವಿಷಯ ತೀರ್ಮಾನ ಆಗತ್ತೆ, ನೆನಪಿದ್ಯಾ?"

"ಕೆಲಸದಿಂದ ತೆಗೀತೀಯಾದ್ರೆ ತೆಗಿ," ಎಂದು ಎಲ್ಲರಿಗೂ ಕೇಳುವಂತೆ ಫೋನ್ ಹಚ್ಚಿದೆ.

ಮೋಸಗಾರನಿಗೆ ಉತ್ತರ ಗೊತ್ತಿರಲಾರದ ಪ್ರಶ್ನೆಯನ್ನೇ ಕೇಳಿದೆ. "ಎವರ್ಟ್, ಮಾಂಸದ ಗುಡ್ಡೆ ಹಾಕ್ದಾಗ ನಿಮ್ಮಲ್ಲಿ ಬೆನ್ನು ತಿರುಗ್ಸಿ ನಿಲ್ಲೋರು ಯಾರು?"

ಅತ್ತ ಕಡೆ ನಗು ಸಿಡಿಯಿತು. "ಮೂವತ್ ವರ್ಷ ನಮ್ ತಂಡದ ದಗ್ನಿ ಅನ್ನೋಳೇ ನಿಂತವ್ಳೆ. ನಾನು ಗುಡ್ಡೆ ಮುಟ್ಟಿ 'ಇದ್ಯಾರ ಪಾಲು' ಅನ್ನೋದು, ಅವ್ಳು ನೋಡ್ದೇನೆ ಹೆಸ್ರು ಕೂಗೋದು, ಯಾರ್ ಹೆಸ್ರೋ ಅವ್ರಿಗೇ ಆ ಗುಡ್ಡೆ. ಈ ಸಲ ಸೊಂಟ ಮುರ್ಕಂಡು ಆಸ್ಪತ್ರೆ ಸೇರವ್ಳೆ. ಅವ್ಳ ಪಾಲು ಎತ್ತಿಟ್ಟಿದೀವಿ ಬಿಡು. ನೀನ್ಯಾವ ತಂಡದವ್ಳು?"

"ಸದ್ಯಕ್ಕೆ ಯಾವ್ದೂ ಇಲ್ಲ," ಎಂದೆ.

ಗುತ್ತಿಗೆ ಹಣ ಕಟ್ಟಿದ ಚೀಟಿಯ ಫೋಟೊ ಐದು ನಿಮಿಷದಲ್ಲಿ ಅವನಿಂದ ಬಂತು. ಖಾತೆಗಳು ಉಳಿದವು.

ಶುಕ್ರವಾರ ಟಾರ್ಕೆಲ್ ಎಲ್ಲರೆದುರು ನೇಮಕ ಪತ್ರ ಕೊಟ್ಟ. ಮತ್ತದೇ ದೂರುಗಳಿಗೆ ಉತ್ತರ ಬರೆಯುವ ಕೆಲಸ. ಪತ್ರವನ್ನು ಅವನ ಕಡೆಗೇ ತಳ್ಳಿದೆ.

"ಯಾರನ್ನ ಹಿಡೀಬೇಕು, ಯಾರನ್ನ ಬಿಡ್ಬೇಕು ಅಂತ ಯಂತ್ರಕ್ಕೆ ಕಲಿಸೋ ಕೆಲಸ ಕೊಡು. ಇಲ್ಲಾಂದ್ರೆ ನಾನು ಹೊರಟೆ."

"ಅದಕ್ಕೆ ಗಣಿತ ಬೇಕು."

"ಗಣಿತದೋರು ಹತ್ತು ಜನ ಇದೀರಲ್ಲ. ಎವರ್ಟ್ ಯಾರು ಅಂತ ಒಬ್ರಿಗಾದ್ರೂ ಗೊತ್ತಾಯ್ತಾ?"

ನಾನು ಎದ್ದು ಗೋಡೆಯ ಕಡೆ ಮುಖ ಮಾಡಿ, ದಗ್ನಿಯ ಹಾಗೆ ಅವರಿಗೆಲ್ಲ ಬೆನ್ನು ಹಾಕಿ ನಿಂತೆ. ಕೊನೆಗೆ ಕಾಗದ ಸರಿದ ಸದ್ದಾಯಿತು, ಟಾರ್ಕೆಲ್‌ನ ದನಿ ಕೇಳಿತು.

"ಯಂತ್ರಕ್ಕೆ ಕಲಿಸೋ ಕೆಲಸ... ಇದು ಯಾರ ಪಾಲು?"

"ಹಿಲ್ಲೆವಿದು," ಎಂದು ತಿರುಗದೆಯೇ ಕೂಗಿದೆ.