ಗಂಡು ಯಾವ ಬಣ್ಣ?

ಬೂದು ಪತಂಗವನ್ನು ಮೊದಲು ಕಂಡವಳು ದಾಫಿಶಾ. ಖಾಸಿ ಬೆಟ್ಟದ ಕಾಲೇಜೊಂದರಲ್ಲಿ ಕೀಟಗಳ ಪೆಟ್ಟಿಗೆ ನೋಡಿಕೊಳ್ಳುವ ಕೆಲಸ ಅವಳದು. ಪ್ರಪಾತದಂಚಿನ ದೀಪದ ಕಂಬದ ಕೆಳಗೆ ಮುಂಜಾನೆ ಹೋಗಿ ಹೋಗಿ ಏಳು ಪತಂಗ ಹಿಡಿದಳು. ಪುಸ್ತಕಗಳನ್ನೆಲ್ಲ ಜಾಲಾಡಿ, ಇದಕ್ಕಿನ್ನೂ ಹೆಸರಿಲ್ಲ ಎಂದುಕೊಂಡು ಪ್ರೊಫೆಸರ್ ಲಮ್‌ಫ್ರಾಂಗ್ ಅವರ ಮೇಜಿನ ಮೇಲಿಟ್ಟಳು.

ಅವರು ಅದನ್ನು ಹೊಸ ಜಾತಿಯೆಂದು ತಮ್ಮೊಬ್ಬರ ಹೆಸರಲ್ಲೇ ಪ್ರಕಟಿಸಿದರು. ಪತಂಗಕ್ಕೆ ತಮ್ಮ ಮಾವನ ಹೆಸರಿಟ್ಟರು. ಇದರ ವಾಸ ಜಗತ್ತಿನಲ್ಲೇ ಈ ಒಂದು ಪ್ರಪಾತದಲ್ಲಿ ಮಾತ್ರ ಎಂದು ಬರೆದರು.

“ನನ್ನ ಹೆಸರೆಲ್ಲಿ ಸರ್?”

“ಬಲೆ ಬೀಸಿದೋರ ಹೆಸರೆಲ್ಲ ಹಾಕೋಕೆ ಅದೇನು ಲಗ್ನಪತ್ರಿಕೆನಾ, ದಾಫಿಶಾ ಅಕ್ಕ?”

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಆ ನಗು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತು.

ಹಿಡಿದ ಏಳೂ ಹೆಣ್ಣೇ ಎಂಬುದು ಆಮೇಲೆ ಹೊಳೆಯಿತು. ಮರುವರ್ಷ ಬಸುರಿ ಬೂದು ಪತಂಗವೊಂದನ್ನು ಮನೆಯಲ್ಲಿಟ್ಟು ಮೊಟ್ಟೆ ಇಡಿಸಿದಳು. ಹುಳುಗಳು ಕೊಟ್ಟ ಎಲೆಯನ್ನೆಲ್ಲ ಒಲ್ಲೆಂದವು; ಕೊನೆಗೆ ಕಾಡುಮೆಣಸಿನ ಚಿಗುರು ತಿಂದವು. ಗೂಡೊಡೆದು ಬಂದ ಹೆಣ್ಣೆಲ್ಲ ಬೂದು. ಗಂಡೆಲ್ಲ ಪುಟ್ಟ ಕಂದು. ಆ ಕಂದು ಪತಂಗಕ್ಕೆ ಹೆಸರಿಟ್ಟು ನೂರು ವರ್ಷವಾಗಿತ್ತು. ಜೈಂತಿಯಾದಿಂದ ಗಾರೊ ಬೆಟ್ಟದವರೆಗೆ ಎಲ್ಲೆಲ್ಲೂ ಇತ್ತು; ಅದರ ಹೆಣ್ಣು ಯಾವುದೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

“ಹೊಸದೇ ಅಲ್ಲ ಅಂತಾದ್ರೆ ನೀನು ಕಂಡುಹಿಡಿದದ್ದೂ ಹೋಗತ್ತಲ್ಲೇ,” ಎಂದಳು ತಂಗಿ ಬಾನ್ರಿ.

“ಹೋಗ್ಲಿ. ಅವರದೂ ಹೋಗತ್ತಲ್ಲ, ಅಷ್ಟು ಸಾಕು.”

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಎಂಟು ತಿಂಗಳು ಕಾದಳು. ಈ ಪತಂಗಕ್ಕಾಗಿಯೇ ಪ್ರೊಫೆಸರರಿಗೆ ಸನ್ಮಾನವಾದ ದಿನ, ಶಾಲು ಹೊದ್ದು ಅವರು ಭಾಷಣ ಮುಗಿಸಿದ ಮೇಲೆ, ಮಾವನವರೂ ಮುಂದಿನ ಸಾಲಿನಲ್ಲಿ ಕೂತಿರುವಾಗ, ಪೆಟ್ಟಿಗೆ ಹಿಡಿದು ಎದ್ದು ನಿಂತಳು.

“ಸರ್, ನಿಮ್ಮ ಪತಂಗದ ಗಂಡು ಯಾವ ಬಣ್ಣ?”

“ಗಂಡು ಇನ್ನೂ ಸಿಕ್ಕಿಲ್ಲ.”

“ಕಾಲೇಜಲ್ಲೇ ಇದೆ. ಮೂರನೇ ಕಪಾಟಿನಲ್ಲಿ, ಬೇರೆ ಹೆಸರಲ್ಲಿ.”

ಮುಚ್ಚಳ ತೆಗೆದಳು. ತಾಯಿ, ಮಕ್ಕಳು, ಒಂದೊಂದರ ಕೆಳಗೂ ತಾರೀಕು. ಹೊರಗಿನಿಂದ ಬಂದಿದ್ದ ವಿದ್ವಾಂಸರು ಕನ್ನಡಕ ಏರಿಸಿ ಬಗ್ಗಿದರು, ಬಗ್ಗಿದವರು ಏಳಲೇ ಇಲ್ಲ. ಮಾವನವರು ಮಾತ್ರ ಮೆಲ್ಲಗೆ ಎದ್ದು ಹೊರಗೆ ನಡೆದರು.

ಲಮ್‌ಫ್ರಾಂಗ್ ಅವಳ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು: “ಮೊದ್ಲೇ ನಂಗೊಬ್ಬನಿಗೆ ಹೇಳಬಹುದಿತ್ತಲ್ಲ?”

“ಹೇಳಬಹುದಿತ್ತು,” ಎಂದಳು ದಾಫಿಶಾ.

ವರ್ಷ ತುಂಬುವುದರೊಳಗೆ ಮಾವನ ಹೆಸರು ರದ್ದಾಯಿತು. ಉಳಿದದ್ದು ಯಾವನೋ ಸತ್ತ ಬಿಳಿಯನಿಟ್ಟ ಹಳೆಯ ಹೆಸರು. ಸುದ್ದಿ ಬಂದ ದಿನ ಅಕ್ಕತಂಗಿಯರು ಸಂತೆಯ ಅಂಗಡಿಯಲ್ಲಿ ಜಾದೊಹ್ ಅನ್ನ ತಿನ್ನುತ್ತಿದ್ದರು.

“ಬೇಜಾರಿಲ್ವಾ?” ಎಂದಳು ಬಾನ್ರಿ.

“ಪತಂಗದ ಬಗ್ಗೆ ಇದೆ, ಅವರ ಬಗ್ಗೆ ಇಲ್ಲ,” ಎಂದು ದಾಫಿಶಾ ಇನ್ನೊಂದು ತಟ್ಟೆ ಹೇಳಿದಳು.