ತುಳಿಯದೆ ಹೋದ ಇಸೊಗಾ

ಅನ್ನವನ್ನು ಬಟ್ಟಲಿಗೆ ಒತ್ತಿ ತಟ್ಟೆಯ ಮೇಲೆ ಕವುಚುವಾಗ ಚಿಗುಸಾಳ ಮಣಿಕಟ್ಟು ತಾನಾಗಿಯೇ ತಿರುಗುತ್ತಿತ್ತು. ಎರಡು ಎತ್ತರದ ಗುಡ್ಡೆ, ಒಂದು ಗಿಡ್ಡದ್ದು. ಅವು ಕಟ್ಟಡಗಳು. ಸುತ್ತ 'ಕರಿ' ಎಂಬ ಗಟ್ಟಿ ಮಸಾಲೆ ಸಾರು ಸುರಿದು, ಎಣ್ಣೆಯಲ್ಲಿ ಕರಿದ ಹಂದಿಮಾಂಸದ ದಪ್ಪ ತುಂಡನ್ನು ಮೂರು ಬೆರಳಿನ ಪಾದದಂತೆ ಕತ್ತರಿಸಿ ಮೇಲಿಂದ ಅದುಮಿದರೆ 'ತುಳಿತದ ಕರಿ' ಸಿದ್ಧ. ಇಪ್ಪತ್ತು ವರ್ಷದ ಹಿಂದೆ ಸಿನಿಮಾದಲ್ಲಿ ಇಸೊಗಾ ಎಂಬ ದೈತ್ಯಪ್ರಾಣಿ ಸಮುದ್ರದಿಂದೆದ್ದು ಬಂದು ಅವರ ಈ ಹಮಾಮೆ ಬೀದಿಯನ್ನು ತುಳಿದು ಚಪ್ಪಟೆ ಮಾಡಿತ್ತು. ಅಂದಿನಿಂದ ಅವರ ಹೋಟೆಲಿಗೆ ಅನ್ನ ಹಾಕುತ್ತಿದ್ದುದು ಈ ತಟ್ಟೆಯೇ.

ಟೋಕಿಯೋದಲ್ಲಿ ಬೀದಿಗಳಿಗೇನು ಬರವೇ? ಆದರೆ ಇಸೊಗಾನ ಕಾಲಿಗೆ ಸಿಕ್ಕಿದ ಬೀದಿ ಎಷ್ಟಿವೆ? ದೂರದ ಊರುಗಳಿಂದ ಜನ ಬಂದು, ನುಚ್ಚುನೂರಾದ ಹೆಂಡದಂಗಡಿ ಯಾವುದೆಂದು ಕೇಳಿ, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಂಗಡಿಯವನೂ ತಾನೇ ಸತ್ತು ಬದುಕಿಬಂದವನ ಠೀವಿಯಲ್ಲಿ ಪಕ್ಕ ನಿಲ್ಲುತ್ತಿದ್ದ. ಹಾಗಾಗಿ ಹೋದ ವರ್ಷ ಎರಡನೇ ಭಾಗಕ್ಕಾಗಿ ಕ್ಯಾಮೆರಾದವರು ಬಂದು ಬೀದಿಯ ಉದ್ದಗಲ ಅಳೆದುಕೊಂಡು ಹೋದಾಗ ಎಲ್ಲರಿಗೂ ಹಬ್ಬವೇ ಆಗಿತ್ತು. ವರ್ತಕರ ಸಂಘದ ಅಧ್ಯಕ್ಷನಾದ ಚಿಗುಸಾಳ ಗಂಡ ಇವಾವೊ, ಸಿನಿಮಾ ಬರುವ ಮೊದಲೇ ಬೀದಿಯ ಬಾಯಿಗೆ ದೊಡ್ಡ ಬ್ಯಾನರ್ ಕಟ್ಟಿಸಿದ್ದ: 'ಎರಡನೇ ಸಲವೂ ತುಳಿದದ್ದಕ್ಕೆ ಧನ್ಯವಾದ, ಇಸೊಗಾ!'

ಸಿನಿಮಾ ಬಂತು. ಇಸೊಗಾ ಬೀದಿಯಂಚಿನ ತಾಮಾ ಹೊಳೆಯವರೆಗೆ ನಡೆದು ಬಂತು. ಕಾಲನ್ನೂ ಎತ್ತಿತು. ಆಮೇಲೆ ಇಳಿಸಲಿಲ್ಲ. ಇವರ ಬೀದಿಯ ದೀಪಗಳನ್ನು ಒಂದಷ್ಟು ಹೊತ್ತು ನೋಡಿ, ಬಂದ ದಾರಿಯಲ್ಲೇ ಹಿಂದಿರುಗಿತು.

"ಒಂದು ಮಾತಾದ್ರೂ ಹೇಳಬಾರ್ದಿತ್ತಾ ಆ ಸಿನಿಮಾದವರು?" ಎಂದ ಇವಾವೊ, ಸಂಘದ ಸಭೆಗೆಂದು ಜೋಡಿಸಿದ್ದ ಮೇಜಿಗೆ ಗುದ್ದಿ. ಮಧ್ಯಾಹ್ನದ ಊಟದ ಗದ್ದಲ ಕಳೆದು ಹೋಟೆಲಿನಲ್ಲಿ ಅವರವರೇ ಉಳಿದಿದ್ದರು. "ಅಳತೆ ತಗೊಂಡು ಹೋಗಿ ಬಟ್ಟೆ ಹೊಲಿಯದೆ ಬಿಟ್ಟ ದರ್ಜಿ ಥರ ಆಯ್ತು!"

"ನಾನು ಬೋರ್ಡಿಗೆ ಹೊಸಾ ಬಣ್ಣ ಬಳಿಸಿದ್ದೆ ಯಜಮಾನ್ರೇ," ಎಂದ ಹೆಂಡದಂಗಡಿಯ ತೊಕುಮಾರು, ಅಳುವ ದನಿಯಲ್ಲಿ. "ಪುಡಿಯಾಗೋವಾಗ ಚೆನ್ನಾಗಿ ಕಾಣ್ಲಿ ಅಂತ."

ಮೂಲೆಯಲ್ಲಿ ಕರಿ ತಿನ್ನುತ್ತಿದ್ದ ಮದೊಕಾ ಕಿಸಕ್ಕನೆ ನಕ್ಕಳು. ಆಸ್ಪತ್ರೆಯ ನರ್ಸು, ಇದೇ ಬೀದಿಯ ಮೇಲ್ಮಹಡಿಯಲ್ಲಿ ಬಾಡಿಗೆಗಿದ್ದವಳು. ಸಿನಿಮಾವನ್ನು ಆಗಲೇ ಮೂರು ಸಲ ನೋಡಿದ್ದಳು.

"ನಗು ನಗು. ನಿಂದೇನು ಹೋಗತ್ತೆ?" ಎಂದ ಮುದುಕ ತೊಕುಮಾರು.

"ತಾತ, ಬೀದಿ ಉಳೀತು ಅಂತ ಅಳೋ ಜನಾನ ನಾನು ಇಲ್ಲೇ ನೋಡಿದ್ದು. ಎಷ್ಟು ಚೆಂದದ ದೃಶ್ಯ ಅದು! ಆ ಕಣ್ಣು!"

"ಕಣ್ಣು ನೋಡೋಕೆ ನಾವು ಇಪ್ಪತ್ತು ವರ್ಷ ಕಾದ್ವಾ? ಕಾಲು ಬೇಕಮ್ಮಾ, ಕಾಲು! ತುಳೀದಿರೋ ಇಸೊಗಾ ಅಂದ್ರೆ ಖಾರ ಇಲ್ಲದ ಕರಿ."

"ನಿಮಗೆ ವ್ಯಾಪಾರದ ಚಿಂತೆ, ಅಷ್ಟೇ."

"ಇರಲಿ ಬಿಡು, ಅದೂ ಇದೆ," ಎಂದು ತೊಕುಮಾರು ಒಪ್ಪಿಕೊಂಡುಬಿಟ್ಟ. ಎಲ್ಲರೂ ನಕ್ಕರು.

ಚಿಗುಸಾ ಚಹಾ ಬಗ್ಗಿಸುತ್ತ ಇಬ್ಬರಿಗೂ ತಲೆಯಾಡಿಸಿದಳು. ತೊಕುಮಾರುವಿಗೆ "ಪಾಪ, ಹೌದಲ್ವಾ", ಮದೊಕಾಳಿಗೂ "ಹೌದಲ್ವಾ". ಅತ್ತೆ ಈ ಒಲೆಯನ್ನು ಕೈಗೆ ಕೊಟ್ಟ ದಿನ ಹೇಳಿದ್ದರು, ಗಿರಾಕಿಯ ಮುಂದೆ ಹೋಟೆಲಿನ ಹೆಂಗಸಿಗೆ ಸ್ವಂತ ಅಭಿಪ್ರಾಯ ಇರಬಾರದು ಎಂದು. ಆ ಮಾತನ್ನು ಅವಳು ಎಷ್ಟು ಚೆನ್ನಾಗಿ ಪಾಲಿಸಿದ್ದಳೆಂದರೆ, ಗಿರಾಕಿಗಳಿಲ್ಲದ ಹೊತ್ತಿನಲ್ಲೂ ಅಭಿಪ್ರಾಯಗಳು ಬರುವುದು ನಿಂತಿತ್ತು.

"ಬೇಕಾದ್ರೆ ನಮ್ಮನೆಯವಳನ್ನೇ ಕೇಳಿ," ಎಂದ ಇವಾವೊ. "ಹೊಳೆ ದಂಡೆ ದೃಶ್ಯದಲ್ಲಿ ಅವಳು ನಿದ್ದೆ ಹೊಡೀತಿದ್ಳು. ಅಷ್ಟು ಬೇಜಾರು! ಏನೇ, ಸುಳ್ಳಾ?"

ಚಿಗುಸಾ ಅವನ ಲೋಟಕ್ಕೂ ಚಹಾ ಬಗ್ಗಿಸಿದಳು.

ಅವಳು ನಿದ್ದೆ ಮಾಡಿರಲಿಲ್ಲ. ಬಿಕ್ಕು ಹೊರಬರದ ಹಾಗೆ ಕಣ್ಣು ಮುಚ್ಚಿ, ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅಲ್ಲಿನ ಥಿಯೇಟರುಗಳಲ್ಲಿ, ಕೊನೆಗೆ ಪರದೆಯ ಮೇಲೆ ಹೆಸರುಗಳೆಲ್ಲ ಓಡಿ ಮುಗಿದು ದೀಪ ಹತ್ತುವವರೆಗೆ ಯಾರೂ ಉಸಿರೆತ್ತುವುದಿಲ್ಲ. ಅಂಥ ಮೌನದಲ್ಲಿ ಅಳುವುದೆಂದರೆ ಕಳ್ಳತನ ಮಾಡಿದ ಹಾಗೆ. ಅಷ್ಟು ದೊಡ್ಡ ಪ್ರಾಣಿ. ತುಳಿಯುತ್ತದೆಂದು ಊರಿಗೆ ಊರೇ ಕಾಯುತ್ತಿದೆ, ತುಳಿಯಲೆಂದೇ ಟಿಕೆಟು ಕೊಂಡಿದೆ. ಕಾಲೆತ್ತಿಯೂ ಆಗಿದೆ. ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ತೆಗೆದುಕೊಳ್ಳಬಹುದು ಎಂಬುದು ಚಿಗುಸಾಳಿಗೆ ಐವತ್ತನಾಲ್ಕು ವರ್ಷ ಹೊಳೆದಿರಲಿಲ್ಲ. ಮದುವೆಗೆ, ಒಲೆಗೆ, ಸಂಘದ ಹೆಂಗಸರ ಕುಣಿತಕ್ಕೆ, ಪ್ರತಿಸಲವೂ ಯಾರೋ ಕಾಯುತ್ತಿದ್ದರೆಂದು ಅವಳು ಕಾಲಿಟ್ಟಿದ್ದಳು. ಕೆಲವು ಕಡೆ ಸುಖವಾಗಿಯೇ ಇತ್ತು, ಇಲ್ಲವೆಂದಲ್ಲ. ಆದರೆ ಬೇಕೇ ಎಂದು ಅವಳನ್ನು ಯಾರೂ ಕೇಳಿರಲಿಲ್ಲ, ಅವಳೂ ತನ್ನನ್ನು ಕೇಳಿಕೊಂಡಿರಲಿಲ್ಲ.

"ಸ್ವಲ್ಪ ಸೆಕೆ ಇತ್ತು ಒಳಗೆ," ಎಂದಳು.

"ನೋಡಿದ್ರಾ!" ಇವಾವೊ ಗೆದ್ದವನಂತೆ ಕೈ ಎತ್ತಿದ. "ಹಾಗಾದ್ರೆ ನಮ್ಮ ಬೀದಿಯ ಅಭಿಪ್ರಾಯ ಒಂದೇ."

ಈ ಸಲ 'ಹೌದಲ್ವಾ' ಎನ್ನದೆ ಚಿಗುಸಾ ಕೆಟಲ್ ಎತ್ತಿಕೊಂಡು ಒಳಗೆ ಹೋದಳು.

ಬ್ಯಾನರನ್ನು ಏನು ಮಾಡುವುದೆಂದು ಚರ್ಚೆ ಸಾಗಿತು. ಇಳಿಸಿದರೆ ಮಾನ ಹೋಗುತ್ತದೆ, ಇಳಿಸದಿದ್ದರೆ ಸುಳ್ಳಾಗುತ್ತದೆ. 'ಸಲವೂ ತುಳಿದದ್ದಕ್ಕೆ' ಎಂಬಲ್ಲಿ ಬಟ್ಟೆಯ ತೇಪೆ ಹಚ್ಚಿ 'ಸಲ ತುಳಿಯದಿದ್ದುದಕ್ಕೆ' ಮಾಡಿ ಎಂದಳು ಮದೊಕಾ. "ನಾಚಿಕೆ ಇಲ್ವಾ ನಿಂಗೆ," ಎಂದು ಬೈದ ತೊಕುಮಾರು, ಸ್ವಲ್ಪ ಹೊತ್ತಿಗೆ ತೇಪೆಗೆ ಎಷ್ಟು ಬಟ್ಟೆ ಬೇಕಾದೀತೆಂದು ತಾನೇ ಲೆಕ್ಕ ಹಾಕತೊಡಗಿದ.

ತಟ್ಟೆಯನ್ನು ತಾನೇ ಒಳಗೆ ತಂದಿಟ್ಟ ಮದೊಕಾ ಚಿಗುಸಾಳ ಕಿವಿಯ ಹತ್ತಿರ ಬಂದಳು. "ಅಕ್ಕಾ, ಬುಧವಾರ ನಿಲ್ದಾಣದ ಹತ್ರದ ಥಿಯೇಟರಲ್ಲಿ ಕೂಗೋ ಪ್ರದರ್ಶನ ಇದೆಯಂತೆ. ಅವತ್ತು ಎಷ್ಟು ಬೇಕಾದ್ರೂ ಕಿರುಚಬಹುದು, ಇಸೊಗಾನ ಹೆಸರು ಹಿಡಿದು ಕರೀಬಹುದು, ಅಳಬಹುದು, ಯಾರೂ ಏನೂ ಅನ್ನಲ್ಲ. ನಂಗೆ ಡ್ಯೂಟಿ, ಹೋಗೋಕಾಗ್ತಿಲ್ಲ. ಹೊಟ್ಟೆ ಉರೀತಿದೆ."

"ಅಯ್ಯೋ ಪಾಪ, ಹೌದಲ್ವಾ," ಎಂದಳು ಚಿಗುಸಾ.

ಎಲ್ಲರೂ ಎದ್ದುಹೋದ ಮೇಲೆ ಇವಾವೊ ಬಾಗಿಲಿಂದ ಕೂಗಿದ: "ಬುಧವಾರ ಹೋಟೆಲಿಗೆ ರಜೆ ಅಲ್ವೇನೇ? ನಾನು ಬ್ಯಾನರ್ ಇಳಿಸ್ತೀನಿ, ನೀನು ಏಣಿ ಹಿಡ್ಕೋ."

"ತೊಕುಮಾರು ಅವರನ್ನ ಕರ್ಕೊಳ್ಳಿ. ನಂಗೆ ಸ್ವಲ್ಪ ಹೊರಗಡೆ ಕೆಲಸ ಇದೆ."

"ಏನು ಕೆಲಸ?"

ನಲ್ಲಿಯ ಸದ್ದಿನಲ್ಲಿ ಕೇಳಿಸಲಿಲ್ಲವೆಂಬಂತೆ ಅವಳು ಅಕ್ಕಿ ತೊಳೆಯುತ್ತಲೇ ಇದ್ದಳು. ಅವನು ಏಣಿ ಹುಡುಕಲು ಹೋದ. ಅವಳಿಗೆ ಕಿರುಚಿ ಅಭ್ಯಾಸವಿರಲಿಲ್ಲ. ಬುಧವಾರ ಥಿಯೇಟರಿನಲ್ಲಿ, ಇಸೊಗಾ ಬೆನ್ನು ತಿರುಗಿಸಿ ಸಮುದ್ರದ ಕಡೆ ನಡೆಯುವಾಗ ಏನೆಂದು ಕೂಗುವುದು? ಬೆಳಿಗ್ಗೆ ಮನೆಯಿಂದ ಹೊರಡುವವರಿಗೆ ಹೇಳುವ 'ಹೋಗಿ ಬಾ' ಸಾಕೆನಿಸಿತು. ಅದನ್ನು ದನಿಯಿಲ್ಲದೆ ತುಟಿಯ ಮೇಲೆ ಒಮ್ಮೆ ಆಡಿಸಿ ನೋಡಿದಳು. ಇನ್ನಷ್ಟು ಜೋರಾಗಿ ಕೂಗಬೇಕು, ಕಡೆಯ ಸಾಲಿನವರೆಗೂ ಕೇಳಬೇಕು ಎಂದುಕೊಂಡು, ಅಕ್ಕಿಯ ಬಿಳಿ ನೀರನ್ನು ಬಸಿದಳು.